ಗ್ರೀಟಾಳ ಕಲ್ಲುಗುಪ್ಪೆ

ಗ್ರೀಟಾ ಯೋಸೆಫ್ ಬಾಯಿ ಮಾಡದ ದಿನ ಮರುಭೂಮಿ ಸೀಮೆಯ ಕೂಬೂಸ್ ಊರಿನ ಆಡುಗಳಿಗೂ ಬೇಸರ. ಊರಿಗೆಲ್ಲ ಆಕೆ ಔಸಿ, ಹಿರಿಯಕ್ಕ. ಊರಾಚೆ ಬಿಳಿಗಲ್ಲಿನ ಇಳಿಜಾರಿನ ಪಕ್ಕ ಜೊಂಡಿನ ಚಾಪೆ ಹೊದಿಸಿದ ಗುಂಡು ಮನೆ, ಒಂದು ದೊಡ್ಡಿ ಆಡು, ಒಲೆಯ ಮೇಲೆ ಸದಾ ಕುದಿಯುವ ಚಹಾ. ಗಂಡ ತೀರಿಕೊಂಡ ಮೇಲೆ ಊರೊಳಗೆ ಬಂದಿರು ಎಂದು ಕರೆದವರನ್ನು, "ನಾನು ಬಂದ್ರೆ ನಿಮ್ಮ ಗತಿ ಏನು?" ಎಂದು ಕೇಳಿ ಸುಮ್ಮನಾಗಿಸಿದ್ದಳು.

ಆ ಇಳಿಜಾರಿನಲ್ಲಿ ಬೆಳೆಯುವ ಗಿಡಕ್ಕೆ ಕಾಲ್ಬೆರಳು ಎಂದು ಹೆಸರು. ನೀರು ತುಂಬಿದ ದಪ್ಪ ಮೈ, ಕಲ್ಲುಗಳ ಸಂದಿಯಿಂದ ಇಣುಕಿದರೆ ಥೇಟ್ ಮಗುವಿನ ಕಾಲ್ಬೆರಳೇ. ಬೇಸಿಗೆಯಲ್ಲಿ ಒಣ ಸಿಪ್ಪೆ ಹೊದ್ದು ಸತ್ತಂತೆ ಮಲಗುತ್ತದೆ, ಮೊದಲ ಮಳೆಗೆ ಹೂ ಬಿಡುತ್ತದೆ. ಈ ಜಾತಿ ಈ ಇಳಿಜಾರು ಬಿಟ್ಟರೆ ಎಲ್ಲೂ ಇಲ್ಲ. ಅದೇ ಅದಕ್ಕೆ ಮುಳುವಾಯಿತು. ದೂರದೇಶದವರಿಗೆ ಕಿಟಕಿಯಲ್ಲಿ ಇಟ್ಟುಕೊಳ್ಳಲು ಬೇಕಂತೆ. ದಲ್ಲಾಳಿಗಳು ಊರ ಹುಡುಗರ ಕೈಯಲ್ಲಿ ಅಗೆಸತೊಡಗಿದರು. ಗ್ರೀಟಾ ಬೈದಳು, ಕೋಲು ಬೀಸಿದಳು. ಹುಡುಗರು ನಗುತ್ತಾ ಓಡಿದರು, ಮರುದಿನ ಮತ್ತೆ ಬಂದರು.

ಆಗ ಅವಳು ಇಳಿಜಾರಿನ ಬುಡದಲ್ಲಿ ಒಂದು ಕಲ್ಲುಗುಪ್ಪೆ ಪೇರಿಸಿದಳು. ಸತ್ತು ಸತ್ತು ಮತ್ತೆ ಎದ್ದುಬರುವ ಹಳೆಯ ದೇವರು ಹೈಟ್ಸಿ-ಐಬಿಬ್‌ಗೆ ಈ ಸೀಮೆಯಲ್ಲಿ ಇಂಥ ಗುಪ್ಪೆಗಳೇ ಗೋರಿ. ಭಾನುವಾರ ಚರ್ಚಿನಲ್ಲಿ ಗಂಟಲು ಹರಿಯುವಂತೆ ಹಾಡುವವರೂ ಗುಪ್ಪೆ ಕಂಡರೆ ಒಂದು ಕಲ್ಲಿಟ್ಟು, ಹರಕೆ ಹೇಳಿಕೊಂಡೇ ಮುಂದೆ ಹೋಗುವುದು. ಇಟ್ಟ ಕಲ್ಲನ್ನು ಯಾರೂ ತೆಗೆಯುವುದಿಲ್ಲ. ಆ ದೇವರ ಬಾಗಿಲಲ್ಲಿ ಗುದ್ದಲಿ ಎತ್ತುವ ಧೈರ್ಯ ಯಾವ ಹುಡುಗನಿಗೂ ಬರಲಿಲ್ಲ. ಗ್ರೀಟಾ ಬೀಗಿದಳು.

ಬೀಗಿದ್ದು ಒಂದೇ ಚಳಿಗಾಲ. ಗುಪ್ಪೆ ಎದೆಯೆತ್ತರ ಬೆಳೆದಾಗ ಅವಳಿಗೆ ತನ್ನ ತಪ್ಪು ಕಂಡಿತು. ಜನ ಕಲ್ಲನ್ನು ಮನೆಯಿಂದ ತರುತ್ತಾರೆಯೇ? ಕಾಲ ಬಳಿ ಸಿಕ್ಕಿದ್ದನ್ನು ಹೆಕ್ಕಿ ಇಡುತ್ತಾರೆ. ಬಿಸಿಲನ್ನು ತಡೆದು ಗಿಡದ ಬುಡ ತಂಪಾಗಿಡುತ್ತಿದ್ದ ಬಿಳಿಗಲ್ಲುಗಳೆಲ್ಲ ಗುಪ್ಪೆ ಸೇರಿ ಇಳಿಜಾರು ಬೋಳಾಗಿತ್ತು. ಕಾಲ್ಬೆರಳುಗಳು ಬೇಸಿಗೆಗೆ ಸುಟ್ಟು ಕರಕಲಾಗತೊಡಗಿದ್ದವು. ಕಳ್ಳರು ಬಿಟ್ಟುಹೋದದ್ದನ್ನು ಭಕ್ತರು ಕೊಲ್ಲುತ್ತಿದ್ದರು, ಅದೂ ಅವಳೇ ಕಟ್ಟಿಕೊಟ್ಟ ಗುಡಿಯಲ್ಲಿ.

ಕಲ್ಲು ವಾಪಸ್ಸು ಹರಡಲೇಬೇಕು. ಆದರೆ ಒಂದೊಂದು ಕಲ್ಲೂ ಒಬ್ಬೊಬ್ಬರ ಹರಕೆ. ಗ್ರೀಟಾ ಮನೆಮನೆಗೆ ಹೋಗಿ ಕೇಳಿದಳು.

"ಕಳೆದುಹೋದ ಕತ್ತೆ ಸಿಕ್ತು ಔಸಿ, ಕಲ್ಲು ತಗೊಂಡು ಏನಾದ್ರೂ ಮಾಡ್ಕೊ," ಎಂದ ಒಬ್ಬ. ಎಲ್ಲರೂ ಒಪ್ಪಿದರು, ಕಟ್ರೀನಾ ಒಬ್ಬಳನ್ನು ಬಿಟ್ಟು. ಅವಳ ಮಗಳು ಲೀನ್ಕಿ ತುಂಬು ಬಸುರಿ.

"ಮುಟ್ಟಬೇಡ. ನನ್ನ ಮಗಳು ಹೆರೋವರ್ಗೂ ಒಂದು ಕಲ್ಲೂ ಅಲ್ಲಾಡ್ಬಾರ್ದು."

"ನಿನ್ನದು ಯಾವ್ದು ಹೇಳೇ ಮಾರಾಯ್ತಿ, ಅದೊಂದನ್ನ ಬಿಟ್ಬಿಡ್ತೀನಿ."

"ಬಿಳೀದು."

"ಎಲ್ಲಾ ಬಿಳೀದೇ ಅಲ್ವೇನೇ!"

ಕಟ್ರೀನಾ ನಗಲಿಲ್ಲ. "ಹೋದ ಸಲ ಕಲ್ಲಿಡ್ಲಿಲ್ಲ ಔಸಿ. ಮಗು ಉಳೀಲಿಲ್ಲ."

ಗ್ರೀಟಾ ತಿರುಗಿ ಹೊರಟಳು. ಸೀದಾ ಮನೆಗೆ ಬಂದು, ಮನೆಗೆ ಹೊದಿಸಿದ್ದ ಚಾಪೆಗಳನ್ನು ಬಿಚ್ಚಿ, ಗೂಟ ನೆಟ್ಟು ಗಿಡಗಳ ಮೇಲೆ ಚಪ್ಪರ ಕಟ್ಟಿದಳು. ಇದ್ದ ಚಾಪೆ ಅರ್ಧ ಇಳಿಜಾರಿಗೂ ಸಾಲಲಿಲ್ಲ. ಮನೆಗೆ ಬರೀ ಬಾಗಿದ ಗಳುಗಳು ಉಳಿದವು. ಬಿಸಿಲು ಕೇಳುವವರಿಲ್ಲದ ನೆಂಟನ ಹಾಗೆ ಒಳಗೇ ಬಂದು ಕೂತಿತು. ಉಳಿದರ್ಧದ ಗಿಡಗಳು ಕಣ್ಣೆದುರೇ ಸುಡುತ್ತಿದ್ದವು, ಆದರೂ ಅವಳು ಮತ್ತೆ ಕಟ್ರೀನಾಳ ಬಾಗಿಲಿಗೆ ಹೋಗಲಿಲ್ಲ.

ಸುದ್ದಿ ಲೀನ್ಕಿಯ ಕಿವಿಗೆ ಬಿತ್ತು. ಹೊಟ್ಟೆ ಹೊತ್ತುಕೊಂಡು ಬಂದೇಬಿಟ್ಟಳು. ಹಿಂದೆ ತಾಯಿ, ಬೇಡ ಬೇಡ ಎನ್ನುತ್ತಾ.

"ಇದೇನೇ ಔಸಿ, ನಿನ್ನ ಮನೆ ಬಟ್ಟೆ ಬಿಚ್ಚಿ ನಿಂತಿದೆ!"

"ಅದಕ್ಕಿಲ್ಲದ ನಾಚಿಕೆ ನಿನಗ್ಯಾಕೆ? ನೆರಳಲ್ಲಿ ಕೂತ್ಕೊ, ಚಹಾ ಕೊಡ್ತೀನಿ."

ಲೀನ್ಕಿ ಕೂರಲಿಲ್ಲ. ಚಾಪೆ ಸಾಲದ ಕಡೆ ಹೋಗಿ, ಸುಟ್ಟು ಮುದುಡಿದ ಗಿಡವೊಂದನ್ನು ಮೆಲ್ಲಗೆ ಮುಟ್ಟಿದಳು.

"ಒಂದೇ ವಾರ ತಡಿಯೇ ಮಗಳೇ," ಎಂದು ಕಟ್ರೀನಾ ಅಂಗಲಾಚಿದಳು.

"ಇವನ್ನ ಬಿಸಿಲಲ್ಲಿ ಸಾಯಿಸಿ ನನ್ನ ಮಗೂನ ಕಾಯೋ ದೇವ್ರು ನಂಗೆ ಬೇಡಮ್ಮ."

ಲೀನ್ಕಿ ಗುಪ್ಪೆಯ ತುದಿಯಿಂದ ಒಂದು ಕಲ್ಲು ತೆಗೆದಳು. ತಾಯಿ ಕಣ್ಣು ಮುಚ್ಚಿಕೊಂಡಳು. ಲೀನ್ಕಿ ಸೊಂಟದ ಮೇಲೆ ಕೈಯಿಟ್ಟು ಕಷ್ಟಪಟ್ಟು ಬಗ್ಗಿ, ಕಲ್ಲನ್ನು ಗಿಡದ ಬುಡಕ್ಕೆ ಒತ್ತಿದಳು.

"ನೀನಿಟ್ಟಿದ್ದು ಇದೇ ಅಮ್ಮ. ಇಲ್ಲೇ ಇರ್ಲಿ."

ಆಮೇಲೆ ಮೊದಲ ಮಳೆ ಬಂತು, ಅರ್ಧ ಇಳಿಜಾರು ಹೂ ಬಿಟ್ಟಿತು. ಲೀನ್ಕಿಯ ಮಗಳು ಹುಟ್ಟಿ ಊರು ಕೇಳುವಂತೆ ಅತ್ತಳು. ಗ್ರೀಟಾ ಇಂದಿಗೂ ಚಹಾ ಬಸಿಯುತ್ತಾ ಹಿಗ್ಗಿನಿಂದ ಹೇಳುವುದು ಮಾತ್ರ ಲೀನ್ಕಿ ಕಲ್ಲು ತೆಗೆದ ಆ ಮಧ್ಯಾಹ್ನದ ಮಾತನ್ನೇ. ಕಟ್ರೀನಾ ಕಣ್ಣು ತೆರೆದಳು. ಆಮೇಲೆ ಗುಪ್ಪೆಯ ಬಳಿ ಹೋಗಿ, ಉಡಿ ತುಂಬ ಕಲ್ಲು ತುಂಬಿಕೊಂಡು ಬಂದಳು.

"ಎಲ್ಲಿ ಇಡ್ಲಿ ಔಸಿ?" ಎಂದು ಕೇಳಿದಳು.