ಗೋಡೆಯ ಮೇಲೆ ಓವಿಡ್‌ಗೊಂದು ಮೊಳೆ

ಯುಲಾಲಿಯ ಬಾಯಿಗೆ ಹೆದರದವರು ಅಮೆರಿಕದ ಲೂಸಿಯಾನಾದ ಆ ಬಯಲಿನಲ್ಲಿ ಯಾರೂ ಇರಲಿಲ್ಲ; ಪಾದ್ರಿಯೂ ಅದಕ್ಕೆ ಹೊರತಲ್ಲ. ಹುಟ್ಟಿದ್ದು ಭತ್ತ ಬೆಳೆಯುವ ಮನೆಯಲ್ಲಿ, ಬೆಳೆದದ್ದು ಊರಿನ ಕುಣಿತದ ಮನೆಯಲ್ಲಿ. ಹರೆಯದಲ್ಲಿ ಅಲ್ಲಿ ಮೆಟ್ಟು ಸವೆಯುವಂತೆ ಕುಣಿದಳು. ಮಂಡಿ ಕೈಕೊಟ್ಟ ಮೇಲೆ ಅಲ್ಲಿಯೇ ಅಡುಗೆಗೆ ನಿಂತಳು. ಶನಿವಾರ ಸಂಜೆ ಅವಳ ಗಂಬೋ ಸಾರು ಉಣ್ಣದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಗಂಡ ಸತ್ತು ಬಹಳ ಕಾಲವಾಗಿತ್ತು. ತನ್ನವನೆಂದು ಉಳಿದವನು ತಮ್ಮ ಓವಿಡ್ ಒಬ್ಬನೇ.

ಓವಿಡ್ ಬಾರಿಸುತ್ತಿದ್ದದ್ದು ತ್ರಿಕೋನ, ಸರಳಿನಿಂದ ಬಡಿದು ತಾಳ ಹಾಕುವ ಮೂರು ಮೂಲೆಯ ಕಬ್ಬಿಣ. ಅಪ್ಪನ ಹುಲ್ಲುಕುಂಟೆಯ ಮುರಿದ ಹಲ್ಲನ್ನು ಕಾಯಿಸಿ ಬಗ್ಗಿಸಿದ್ದು. ಮೀಸೆ ಮೂಡುವ ಮೊದಲಿನಿಂದ ತಲೆ ಬೋಳಾಗುವವರೆಗೆ ಊರಿನ ಎಲ್ಲ ಅಕಾರ್ಡಿಯನ್‌ನವರ ಹಿಂದೆ ನಿಂತು ಅದನ್ನು ಬಾರಿಸಿದ್ದ. ಅವರೆಲ್ಲ ಈಗ ಕುಣಿತದ ಮನೆಯ ಕೀರ್ತಿಗೋಡೆಯ ಮೇಲೆ, ಚೌಕಟ್ಟಿನೊಳಗೆ ನಗುತ್ತಿದ್ದರು. ಕೆಲವು ಚಿತ್ರಗಳ ಅಂಚಿನಲ್ಲಿ ಓವಿಡ್‌ನ ಮೊಣಕೈ ಮಾತ್ರ ಕಾಣುತ್ತಿತ್ತು. ಈಚೆಗೆ ಅವನ ಕೈ ನಡುಗತೊಡಗಿತ್ತು. ಜೀವ ಇರುವಾಗಲೇ ತಮ್ಮ ಆ ಗೋಡೆ ಏರಬೇಕೆಂದು ಯುಲಾಲಿ ಹಟ ಹಿಡಿದಳು.

ಅಡ್ಡ ನಿಂತವನು ಕುಣಿತದ ಮನೆಯ ಯಜಮಾನ ಗುಸ್ತಾವ್.

“ಯುಲಾಲಕ್ಕಾ, ಕಬ್ಬಿಣ ಬಡಿಯೋನೆಲ್ಲ ಕಲಾವಿದ ಆದ್ರೆ, ಕುದುರೆಗೆ ಲಾಳ ಹೊಡೆಯೋನ ಚಿತ್ರಾನೂ ತೂಗುಹಾಕ್ಬೇಕಾಗುತ್ತೆ!”

“ಹಾಕು. ನಿನ್ನ ಅಕಾರ್ಡಿಯನ್‌ನವರಿಗಿಂತ ಅವನೇ ತಾಳ ಬಲ್ಲ.”

ಆ ಊರಲ್ಲಿ ಗೋಡೆಗೆ ಆರಿಸುವುದಕ್ಕೆ ಚೀಟಿಯಿಲ್ಲ, ಭಾಷಣವಿಲ್ಲ. ಹೆಸರು ಬಂದವನ ಹಾಡು ನುಡಿಸುತ್ತಾರೆ. ಒಪ್ಪಿದವರು ಎದ್ದು ಕುಣಿಯಬೇಕು, ಒಪ್ಪದವರು ಬೆಂಚಿನಲ್ಲೇ ಕೂರಬೇಕು. ನಡುವಿನ ಕುಣಿತದ ಅಂಗಳ ತುಂಬಿದರೆ ಮೊಳೆ ಹೊಡೆದಂತೆಯೇ. ಕುಣಿದ ಮೇಲೆ ಯಾರೂ ಮಾತು ಹಿಂತೆಗೆಯುವ ಹಾಗಿಲ್ಲ.

ಯುಲಾಲಿ ತಮ್ಮನ ಹೆಸರು ಕೊಟ್ಟ ಶನಿವಾರ, ಓವಿಡ್‌ನ ಸರದಿ ಬಂದಾಗ ಗುಸ್ತಾವ್ ಕೈ ಚೆಲ್ಲಿದ. “ಇವನ ಹಾಡು ಯಾವ್ದು? ಹಾಡೇ ಇಲ್ದೋನಿಗೆ ಏನ್ ಕುಣಿಯೋದು?”

“ಹಾಡು ಬೇಡ,” ಎಂದಳು ಯುಲಾಲಿ. “ಓವಿಡ್, ನೀನೊಬ್ಬನೇ ಬಾರಿಸೋ.”

ಓವಿಡ್ ಎದ್ದ. ಮೊದಲ ಪೆಟ್ಟುಗಳು ಕೈಯ ಜೊತೆ ನಡುಗಿದವು. ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಯುಲಾಲಿ ಏಪ್ರನ್ ಬಿಚ್ಚಿ ಬಿಸಾಡಿ, ಮಂಡಿನೋವು ನುಂಗಿ, ಒಬ್ಬಳೇ ಅಂಗಳಕ್ಕಿಳಿದು ಮೂರೆಣಿಕೆಯ ವಾಲ್ಟ್ಸ್ ಹೆಜ್ಜೆ ಹಾಕಿದಳು. ಅಕ್ಕನ ಕಾಲು ನೋಡುತ್ತಿದ್ದಂತೆ ತಮ್ಮನ ಕೈ ಹದಕ್ಕೆ ಬಂತು. ಠಣ್, ಟಿಕ್ಕ ಟಿಕ್ಕ. ಠಣ್, ಟಿಕ್ಕ ಟಿಕ್ಕ.

ಯಾರೂ ಏಳಲಿಲ್ಲ. ಗುಸ್ತಾವ್ ಸಾಕೆನ್ನಲು ಬಾಯಿ ತೆರೆದ. ಆಗ ಅವನ ಹೆಂಡತಿ ಅಜೆಮಾ ಅವನ ತೋಳು ಹಿಡಿದು ಎಳೆದಳು.

“ನಮ್ಮ ಮದುವೆ ದಿನ ಅಕಾರ್ಡಿಯನ್‌ನವನು ಕುಡಿದು ಮೂಲೆಗೆ ಬಿದ್ದಿದ್ನಲ್ಲ? ನಮ್ಮನ್ನ ಕುಣಿಸಿದ್ದು ಯಾರು, ಮರ್ತೇಬಿಟ್ಯಾ? ಇದೇ ತಾಳ. ಬಾ ಅಂದ್ರೆ ಬಾ!”

ಗುಸ್ತಾವ್‌ನ ಮುಖ ಸಪ್ಪಗಾಯಿತು. ಆದರೆ ಅವನ ಕಾಲಿಗೆ ಆ ತಾಳ ಮರೆತಿರಲಿಲ್ಲ. ಅಜೆಮಾಳ ಕೈಯಲ್ಲಿ ಅವನು ತಿರುಗಿಯೇ ಬಿಟ್ಟ. ಯಜಮಾನನೇ ಕುಣಿದದ್ದು ಕಂಡು ಬೆಂಚುಗಳು ಖಾಲಿಯಾದವು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಯುಲಾಲಿ ಅಳುತ್ತಾ ನಗುತ್ತಾ ಕುಣಿದಳು. ಅಷ್ಟು ಸಂತೋಷ ಅವಳಿಗೆ ತನ್ನ ಮದುವೆಯಲ್ಲೂ ಆಗಿರಲಿಲ್ಲ.

ಚಿತ್ರ? ಅದಕ್ಕೆ ಚೌಕಟ್ಟು ಹಾಕಿಸಿ, ಹಿಟ್ಟಿನ ಡಬ್ಬದ ಹಿಂದೆ ಅವಳು ಎಂದೋ ಇಟ್ಟಿದ್ದಳು. ಸುತ್ತಿಗೆಯನ್ನು ಗುಸ್ತಾವ್‌ನ ಕೈಗೇ ಕೊಟ್ಟಳು. ಅವನು ತಡೆದು ತಡೆದು, ಎರ್ರಾಬಿರ್ರಿ ಮೊಳೆ ಬಡಿಯತೊಡಗಿದ.

ಹಿಂದಿನಿಂದ ಓವಿಡ್‌ನ ದನಿ ಕೇಳಿಸಿತು: “ಗುಸ್ತಾವ್, ತಾಳ ತಪ್ತಾ ಇದೆ. ಮೊದಲಿಂದ ಹೊಡಿ.”