ಗೇರ್ ಆಯಿಲ್ ಬದಲಾಯಿಸುವ ಕಾಲ

ನಮ್ಮ ಆಟೋಮ್ಯಾಟಿಕ್ ಕಾರಿನ ಗೇರ್ ಆಯಿಲನ್ನು ನಾನು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ, ಹುರುಳಿ ಒಕ್ಕಣೆ ಮುಗಿದ ಮೇಲೆ. ಕಿಲೋಮೀಟರ್ ಎಷ್ಟಾಗಿದೆ ಎಂದು ನೋಡುವುದಿಲ್ಲ. ಗ್ಯಾರೇಜಿನವನು ನಗುತ್ತಾನೆ. ನಗಲಿ, ಅವನಿಗೇನು ಗೊತ್ತು. ಗೇರ್ ಲಿವರನ್ನು ‘ಡಿ’ಗೆ ತಂದ ಮೇಲೆ ಕಾರು ಹೊರಡುವ ಮುಂಚೆ ಒಂದು ಚೂರು ಹೊತ್ತು ಏನೂ ಆಗುವುದಿಲ್ಲವಲ್ಲ, ಆಗ ನನ್ನ ಎದೆ ಈಗಲೂ ಝಲ್ಲೆನ್ನುತ್ತದೆ.

ಆ ಚೂರು ಹೊತ್ತು ಉದ್ದವಾಗತೊಡಗಿದ್ದು ಒಂದು ಸಂಕ್ರಾಂತಿ ಕಳೆದ ಮೇಲೆ. ತ್ಯಾಮಗೊಂಡ್ಲು ಹತ್ತಿರದ ನಮ್ಮೂರಿನಿಂದ ನೆಲಮಂಗಲದ ಶಾಲೆಗೆ ಪಾಠ ಮಾಡಲು ನಾನೇ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಒಂದು ಬೆಳಿಗ್ಗೆ ‘ಡಿ’ಗೆ ಹಾಕಿದರೆ ಕಾರು ಯೋಚನೆ ಮಾಡಿದಂತೆ ನಿಂತಿತು, ಆಮೇಲೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಮುಂದಕ್ಕೆ ನೆಗೆಯಿತು. ಮಾರನೆಯ ದಿನವೂ ಹಾಗೇ. ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಹೇಳಿದೆ.

“ನಿಂಗೆ ಎಲ್ಲದಕ್ಕೂ ಭಯ. ಗೇರ್ ಆಯಿಲ್ ಲೈಫ್‌ಟೈಮು, ಮುಟ್ಟೋದೇ ಬೇಡ ಅಂತ ಶೋರೂಮ್‌ನೋರು ಹೇಳಿಲ್ವಾ?” ಅಂದರು.

“ಯಾರ ಲೈಫು? ಕಾರಿಂದೋ, ನಂದೋ?” ಅಂದೆ.

ಪಕ್ಕದಲ್ಲಿ ಮಾವ ಮುದ್ದೆ ಮುರಿಯುತ್ತಿದ್ದರು. ಟ್ರ್ಯಾಕ್ಟರಿನ ಆಯಿಲ್ ಇರಲಿ, ಪಂಪ್‌ಸೆಟ್ಟಿನ ಗ್ರೀಸ್ ಇರಲಿ, ಊರಿನಲ್ಲಿ ಯಾವ ಯಂತ್ರ ಕೆಮ್ಮಿದರೂ ಮಾತಾಡದೆ ಬಿಡುವವರಲ್ಲ. ಅವತ್ತು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರೆಕಾಳಿನ ಸಾರು ಸಪ್ಪೆ ಆಯಿತೇನೋ ಅಂದುಕೊಂಡೆ.

ಆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದರೆ ಮಾವ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಚಳಿಗಾಲದಲ್ಲೂ ಅಂಗಿ ಬೆವರಿನಿಂದ ಒದ್ದೆ. ಎಡಗೈಯನ್ನು ಬಲಗೈಲಿ ಹಿಡಿದುಕೊಂಡಿದ್ದರು.

“ಗ್ಯಾಸು ಕಣಮ್ಮ. ಒಂದು ಸೋಡಾ ತರ್ಸು, ಹೋಯ್ತದೆ.”

“ಸೋಡಾ ಅಂತೆ ಸೋಡಾ. ಏಳಿ ಮಾವ, ಕಾರು ಹತ್ತಿ” ಅಂದೆ. ನನಗೆ ಭಯವಾದಾಗ ಬಾಯಿಗೆ ಮೊದಲು ಬರುವುದು ಗದರಿಕೆಯೇ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಗಂಡ ಡಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದರು, ಫೋನು ಲಾಕರಿನಲ್ಲಿ. ಇದ್ದವಳು ನಾನೊಬ್ಬಳೇ.

ನೆಲಮಂಗಲದ ನರ್ಸಿಂಗ್ ಹೋಮಿನಲ್ಲಿ ಇಸಿಜಿ ನೋಡಿದ ಡಾಕ್ಟರು ಮಾವನ ಕಡೆ ನೋಡಲಿಲ್ಲ, ನನ್ನನ್ನು ಆಚೆ ಕರೆದರು. ಹಾರ್ಟ್ ಅಟ್ಯಾಕ್, ಬೆಂಗಳೂರಿಗೆ ಈಗಲೇ ಹೋಗಬೇಕು ಅಂದರು. ಅವರ ಆಂಬುಲೆನ್ಸ್ ಇನ್ನೊಬ್ಬ ರೋಗಿಯನ್ನು ಕರೆದೊಯ್ದಿತ್ತು. “ಕಾಯೋದಕ್ಕಿಂತ ನಿಮ್ಮ ಕಾರಲ್ಲೇ ಹೊರಟರೆ ಬೇಗ” ಅಂದು ಮಾವನಿಗೆ ಅಲ್ಲೇ ಮಾತ್ರೆ ಅಗಿಯಲು ಕೊಟ್ಟರು. ಆ ಕಾರನ್ನು ನಂಬಬಾರದೆಂದು ನನಗೆ ಗೊತ್ತಿತ್ತು. ಆದರೆ ಬೇರೆ ಕಾರು ಹುಡುಕುತ್ತಾ ನಿಲ್ಲಲು ಕಾಲು ಒಪ್ಪಲಿಲ್ಲ.

ಅರಿಶಿನಕುಂಟೆ ಹತ್ತಿರ ಹೆದ್ದಾರಿ ತುಂಬಾ ಲಾರಿಗಳು ನಿಂತಿದ್ದವು. ಎರಡು ಮಾರು ಹೋಗುವುದು, ನಿಲ್ಲುವುದು. ಏರು ಬೇರೆ. ಕಾಲಿನಡಿಯಿಂದ ಸುಟ್ಟ ವಾಸನೆ ಬರಲು ಶುರುವಾಯಿತು. ಮುಂದಿನ ಬಸ್ಸು ಕದಲಿದಾಗ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಕಿರುಚಿಕೊಂಡಿತು, ಕಾರು ಹೋಗಲಿಲ್ಲ. ಇನ್ನೂ ಒತ್ತಿದೆ. ಕಾರು ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಕನ್ನಡಿಯಲ್ಲಿ ಲಾರಿಯ ಮೂತಿ ದೊಡ್ಡದಾಗುತ್ತಾ ಬಂತು. ಬ್ರೇಕ್ ತುಳಿದು ಹ್ಯಾಂಡ್‌ಬ್ರೇಕ್ ಎಳೆದೆ. ದೇವರೇ, ಇಲ್ಲಿ ಬೇಡ, ಈ ರಸ್ತೆ ಮಧ್ಯ ಬೇಡ ಅಂತ ಜೋರಾಗಿಯೇ ಅಂದೆನಂತೆ. ನನಗೆ ನೆನಪಿಲ್ಲ, ಮಾವ ಆಮೇಲೆ ಹೇಳಿದ್ದು.

ಹಿಂದಿನ ಸೀಟಿನಿಂದ ಅವರ ದನಿ ಬಂತು. “ಅದು ನನ್ನಿಂದ ಆಗಿದ್ದು ಕಣಮ್ಮ.”

“ಏನು ಮಾವ? ಮಾತಾಡ್ಬೇಡಿ.”

“ಹುರುಳಿ. ನೀವಿಬ್ರೂ ಸಂಕ್ರಾಂತಿಗೆ ನಿಮ್ಮಮ್ಮನ ಮನೆಗೆ ಹೋಗಿದ್ರಲ್ಲ, ಬೈಕಲ್ಲಿ. ಹೊಸ ರಸ್ತೆ ಆದ್ಮೇಲೆ ನಮ್ಮೂರ ಮೇಲೆ ಗಾಡಿನೇ ಬರಕಿಲ್ಲ. ರಸ್ತೆ ಮ್ಯಾಲೆ ಹಾಕಿದ್ದು ಹಂಗೇ ಬಿದ್ದಿತ್ತು. ಅದ್ಕೇ ನಾನೇ ಕಾರು ಹತ್ತಿಸ್ದೆ. ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ. ಮೂರು ದಿನ.” ಉಸಿರು ತೆಗೆದುಕೊಂಡರು. “ನನ್ನ ಮಗಂಗೆ ಹೇಳ್ಬ್ಯಾಡ.”

ನಮ್ಮ ಕಡೆ ಹುರುಳಿ ಕಿತ್ತರೆ ಡಾಂಬರು ರಸ್ತೆಯೇ ಕಣ. ಹೋಗಿ ಬರುವ ಬಸ್ಸು, ಲಾರಿ ತುಳಿದುಕೊಟ್ಟು ಹೋಗುತ್ತವೆ. ಆದರೆ ಕ್ಲಚ್ಚಿಲ್ಲದ ಕಾರನ್ನು, ಗೇರ್ ಬದಲಿಸುವ ಮುಂಚೆ ಪೂರ್ತಿ ನಿಲ್ಲಲೂ ಬಿಡದೆ, ಬಿಸಿಲಿನಲ್ಲಿ ಮೂರು ದಿನ ಎತ್ತಿನ ಹಾಗೆ ತಿರುಗಿಸಿದ್ದಾರೆ. ಬೇರೆ ದಿನವಾಗಿದ್ದರೆ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದೆ. ಅವತ್ತು ಹಿಂತಿರುಗಿ ನೋಡಿದರೆ ಅವರ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಕಾರಿನಿಂದ ಇಳಿದು ಎರಡೂ ಕೈ ಎತ್ತಿ ರಸ್ತೆ ಮಧ್ಯ ನಿಂತೆ. ಪಕ್ಕದ ಸಾಲಿನಲ್ಲಿ ಸೊಪ್ಪಿನ ಹೊರೆ ತುಂಬಿದ ಲಗೇಜ್ ಆಟೋ ಒಂದಿತ್ತು. ಡ್ರೈವರು ಮಾವನ ಮುಖ ನೋಡಿದವನೇ ಬಾಗಿಲು ತೆಗೆದ. ಮುಂದೆ ಒಬ್ಬರಿಗೆ ಮಾತ್ರ ಜಾಗ. ಮಾವನನ್ನು ಅಲ್ಲಿ ಕೂರಿಸಿ ನಾನು ಹಿಂದೆ ಸೊಪ್ಪಿನ ಮೇಲೆ ಹತ್ತಿದೆ. ಕಾರು ಹೆದ್ದಾರಿಯಲ್ಲೇ ಉಳಿಯಿತು, ಬಾಗಿಲು ಕೂಡ ಹಾಕಿದೆನೋ ಇಲ್ಲವೋ.

ಹಿಂದಿನ ಸಣ್ಣ ಗಾಜಿನಿಂದ ಕಾಣುತ್ತಿದ್ದುದು ಅವರ ತಲೆಯ ಹಿಂಭಾಗ ಮಾತ್ರ. ಗಾಡಿ ಕುಲುಕಿದಾಗಲೆಲ್ಲ ತಲೆ ವಾಲುತ್ತಿತ್ತು. ವಾಲಿತೆಂದರೆ ನಾನು ಗಾಜು ಬಡಿಯುವುದು. ಅವರು ಮೆಲ್ಲಗೆ ಒಂದು ಕೈ ಎತ್ತುವುದು. ಮತ್ತೆ ವಾಲುವುದು, ಮತ್ತೆ ಬಡಿಯುವುದು. ಒಂದು ಸಲ ಬಡಿದರೂ ಕೈ ಏಳಲಿಲ್ಲ. ಸತ್ತೇ ಹೋದರು ಅಂದುಕೊಂಡೆ, ಅವರ ಮಗನಿಗೆ ಏನು ಹೇಳಲಿ ಅಂತ ದಂಟಿನ ಸೊಪ್ಪಿನೊಳಗೆ ಮುಖ ಹುದುಗಿಸಿದೆ. ಮತ್ತೆ ತಲೆ ಎತ್ತಿ ಮುಷ್ಟಿಯಿಂದ ಗುದ್ದಿದಾಗ ಒಂದು ಬೆರಳು ಅಲ್ಲಾಡಿತು. ಆಸ್ಪತ್ರೆ ಬರುವವರೆಗೆ ನಾನು ಗಾಜಿನಿಂದ ಕೈ ತೆಗೆಯಲಿಲ್ಲ.

ಸ್ಟೆಂಟ್ ಹಾಕಿದರು. ಉಳಿದರು. ಐಸಿಯುವಿನಲ್ಲಿ ನನ್ನನ್ನು ಕಂಡ ಕೂಡಲೇ ಕೇಳಿದ್ದು, “ಕಾರು ಎಲ್ಲೈತೆ?”

ಕಾರನ್ನು ನಾನೂ ಗಂಡನೂ ಅರಿಶಿನಕುಂಟೆಯ ಒಂದು ಗ್ಯಾರೇಜಿಗೆ ಎಳೆಸಿದ್ದೆವು. ಮೆಕ್ಯಾನಿಕ್ ಕೆಳಗಿನ ಬೋಲ್ಟ್ ಬಿಚ್ಚಿದಾಗ ಸುರಿದ ಆಯಿಲ್ ಕಾಫಿ ಡಿಕಾಕ್ಷನ್ ಹಾಗಿತ್ತು. ಹೊಸದರಲ್ಲಿ ಅದು ಕೆಂಪಗಿರುತ್ತದಂತೆ. “ಲೈಫ್‌ಟೈಮ್ ಅನ್ನೋದನ್ನ ನಂಬಬೇಡಿ ಸಾರ್. ಸುಮ್ನೆ ಹೈವೇಲಿ ಓಡಿದ್ರೆ ಅರವತ್ತು ಸಾವಿರಕ್ಕೊಂದ್ಸಲ. ಧೂಳು, ಜಾಮು, ಭಾರ ಇದ್ರೆ ನಲವತ್ತಕ್ಕೇ ಬದಲಾಯ್ಸಿ” ಅಂದ. ಆಮೇಲೆ ಕಾರಿನಡಿಯಿಂದ ಒಂದು ಹಿಡಿ ಒಣ ಹುರುಳಿ ಬಳ್ಳಿ ಎಳೆದು ತೋರಿಸಿದ. ಗಂಡ ನನ್ನ ಮುಖ ನೋಡಿದರು.

“ನಮ್ಮೂರ ರಸ್ತೇಲೆಲ್ಲ ಹರಡಿರ್ತಾರಲ್ಲ” ಅಂದೆ. ಅವರು ಈಗಲೂ ಶೋರೂಮಿನವರನ್ನೇ ಬೈಯುತ್ತಾರೆ.

ಮುಂದಿನ ವರ್ಷ ಹುರುಳಿ ಕಿತ್ತ ವಾರ. ರಿಪೇರಿ ಮಾಡಿಸಿದ್ದ ಅದೇ ಕಾರಿನಲ್ಲಿ ಶಾಲೆಯಿಂದ ಬರುತ್ತಾ ತಿರುವು ದಾಟಿದರೆ ನಮ್ಮ ಮನೆಯ ಮುಂದೆ ರಸ್ತೆಯ ಮೇಲೆ ಹುರುಳಿ ಹರಡಿತ್ತು. ಮಾವ ಪಂಚೆ ಎತ್ತಿ ಕಟ್ಟಿ, ಉದ್ದ ಕೋಲು ಹಿಡಿದು ಬಡಿಯುತ್ತಿದ್ದರು. ಭಾರ ಎತ್ತಬೇಡಿ, ಓಡಬೇಡಿ ಎಂದು ಡಾಕ್ಟರು ಹೇಳಿದ ಮನುಷ್ಯ. ಒಂದೇಟು ಹೊಡೆದು ಎದೆ ಹಿಡಿದು ನಿಂತು, ಮತ್ತೊಂದೇಟು. ಕಾರು ನಿಲ್ಲಿಸಿ ಓಡಿದೆ.

“ಏನ್ ಮಾಡ್ತಿದ್ದೀರ ಮಾವ? ಸಾಯ್ಬೇಕು ಅಂತಾನಾ?”

“ಕಾರಿಗೆ ಮತ್ತೆ ತೊಂದ್ರೆ ಆಗ್ಬಾರ್ದು ಅಂತ ಕಣಮ್ಮ.”

ಕೋಲು ಕಿತ್ತುಕೊಂಡು ಬೇಲಿಗೆ ಎಸೆದೆ. ಅಳು ಬಂತು, ಅಳುತ್ತಲೇ ಬೈದೆ. ಅಲ್ಲಿ ಬಿಟ್ಟು ಹೋದರೆ ಇನ್ನೊಂದು ಕೋಲು ಹುಡುಕುತ್ತಾರೆಂದು ಗೊತ್ತಿತ್ತು. ಕೈ ಹಿಡಿದು ತಂದು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆ. ಹುರುಳಿಯ ಮೇಲೆ ನಾನೇ ಕಾರು ಹತ್ತಿಸಿದೆ.

“ಪೂರ್ತಿ ನಿಂತ್ಕಳ್ಲಿ. ಆಮ್ಯಾಲೆ ಗೇರ್ ಹಾಕು” ಅಂದರು ಮಾವ, ಕಣ್ಣು ಲಿವರಿನ ಮೇಲೆ.

ಬಳ್ಳಿಗಳು ಚಕ್ರದಡಿ ಚಟಚಟ ಅನ್ನುತ್ತಿದ್ದವು. ತುದಿ ಮುಟ್ಟಿ, ನಿಂತು, ‘ಆರ್’. ಹಿಂದಕ್ಕೆ ಬಂದು, ನಿಂತು, ‘ಡಿ’. ಪ್ರತಿ ಸಲವೂ ಆ ಏನೂ ಆಗದ ಚೂರು ಹೊತ್ತು. ಕಾರು ಎಳೆಯುತ್ತದೋ ಇಲ್ಲವೋ ಎಂದು ಮಾವ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ನಾನು ಅವರು ಉಸಿರು ಬಿಡುವುದನ್ನು ಕಾಯುತ್ತಿದ್ದೆ.