ಹನ್ನೆರಡು ಗಂಟೆಗೆ ಏರುವ ಹೊಳೆ

ಜುಗೂಳದ ಹೊಳೆದಂಡೆಗೆ ನೀರಿನ ಮಟ್ಟ ಅಳೆಯುವ ಯಂತ್ರ ಕೂರಿಸಿದವನು ನಾನೇ. ನೀರಿನ ಮೇಲೆ ಚಾಚಿದ ಕಬ್ಬಿಣದ ಕಂಬ, ಅದರ ತುದಿಗೆ ಕೆಳಗಿನ ನೀರು ಎಷ್ಟು ದೂರದಲ್ಲಿದೆ ಎಂದು ಮೇಲಿನಿಂದಲೇ ಅಳೆಯುವ ಯಂತ್ರ, ಮೇಲೊಂದು ಅಗಲವಾದ ಸೋಲಾರ್ ಪ್ಲೇಟು. ನೀರು ಏರಿದರೂ ಇಳಿದರೂ ಊರಿನ ವಾಟ್ಸಾಪ್ ಗುಂಪಿಗೆ ತಾನೇ ಸುದ್ದಿ ಹಾಕುತ್ತದೆ.

ಮೊದಲ ದಿನವೇ ಮಟಮಟ ಮಧ್ಯಾಹ್ನ ಸುದ್ದಿ ಬಂತು: ಹೊಳೆ ಒಂದು ಅಡಿ ಏರಿದೆ. ಸುಡುವ ಬೇಸಿಗೆ, ಎಲ್ಲೂ ಮಳೆಯಿಲ್ಲ! ಗುಂಪಿನ ತುಂಬ ನಗು. ಮರುದಿನ ಅದೇ ಹೊತ್ತಿಗೆ ಮತ್ತೆ ಅದೇ ಸುದ್ದಿ. ಗುಂಪಿನ ಅಡ್ಮಿನ್ ಆದ ನಿವೃತ್ತ ಮಾಸ್ತರರು ಫೋನ್ ಮಾಡಿದರು: "ಸುಳ್ಳ ಹೇಳೂ ಮಷಿನ್ ನಮಗ ಬ್ಯಾಡ್ರಿ. ನಾಳೆ ಬಂದ ಕಿತ್ಕೊಂಡ ಹೋಗ್ರಿ."

ಹೋದೆ. ಮಾಸ್ತರರ ಜೊತೆ ದಂಡೆಗೆ ಇಳಿದಾಗ ಸರಿಯಾಗಿ ಹನ್ನೆರಡು. ಇಬ್ಬರ ಫೋನುಗಳೂ ಟಿಂಗ್ ಎಂದವು: ಒಂದು ಅಡಿ ಏರಿಕೆ. ನೋಡಿದರೆ ಯಂತ್ರದ ನೇರ ಕೆಳಗೆ, ಸೋಲಾರ್ ಪ್ಲೇಟಿನ ನೆರಳಿನಲ್ಲಿ, ಒಂದು ಎಮ್ಮೆ ಬೆನ್ನು ನೀರಿನಿಂದ ಮೇಲೆ ಕಾಣುವಂತೆ ನಿಂತಿದೆ.

"ಇಡೀ ದಂಡಿಗೆ ಅದೊಂದ ನೆಳ್ಳ ಐತ್ರಿ," ಎಂದಳು ಎಮ್ಮೆಯ ಒಡತಿ ಕಾಶವ್ವ. "ಪಾಪ, ದಿನಾ ಅಲ್ಲೇ ನಿಲ್ತಾಳ."

ಮಾಸ್ತರರು ಧೋತರ ಎತ್ತಿಕಟ್ಟಿ, ನನ್ನ ಟೇಪು ಕಸಿದುಕೊಂಡು ನೀರಿಗಿಳಿದರು. ನೀರಿನಿಂದ ಎಮ್ಮೆಯ ಬೆನ್ನಿಗೆ ಅಳತೆ ಹಿಡಿದು, ಅಲ್ಲಿಂದಲೇ ಕೂಗಿದರು: "ಮಷಿನ್ ಪಕ್ಕಾ ಐತ್ರಿ! ಒಂದ ಬೆರಳ ಸುದ್ದಾ ತಪ್ಪಿಲ್ಲ!" ನಾನು ಎಮ್ಮೆಗೆ ಕೈಮುಗಿದೆ.

ಯಂತ್ರ ಈಗಲೂ ಅಲ್ಲೇ ಇದೆ. ಕಾಶವ್ವನನ್ನೂ ಗುಂಪಿಗೆ ಸೇರಿಸಿದ್ದಾರೆ. ದಿನಾ ಮಧ್ಯಾಹ್ನ "ಎಮ್ಮಿ ಬಿಟ್ಟೇನ್ರಿ" ಎಂದು ಅವಳ ವಾಯ್ಸ್ ಮೆಸೇಜ್ ಬರುತ್ತದೆ. ಆಮೇಲೆಯೇ ಹೊಳೆ ಏರುತ್ತದೆ.